ಅಕಾಲದ ಮೊಳಕೆ

ಕಾಲಕ್ಕೆ ಸರಿಯಾಗಿ ಮಳೆಯಾಗಲಿ, ಕಾಲಕ್ಕೆ ಸರಿಯಾಗಿ ಬೆಳೆಯಾಗಲಿ ಎಂದು ಹಾರೈಸುವುದು ನಮ್ಮ ಹಿರಿಯರ ವಾಡಿಕೆ. ಮಳೆಯಾಗಲಿ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. 'ಕಾಲಕ್ಕೆ ಸರಿಯಾಗಿ' ಎಂಬ ಮಾತನ್ನೂ ಸೇರಿಸಿದರು. ಅಕಾಲದಲ್ಲಿ ಬಂದ ಒಳಿತೂ ಕೇಡಾಗಬಹುದೆಂಬ ಅನುಭವವು ಆ ಮಾತಿನ ಹಿಂದೆ ಅಡಗಿದೆ. ಇಂತಹ ಅಕಾಲದ ಸಂಗತಿಯೊಂದನ್ನು ಈ ಲೇಖನದಲ್ಲಿ ನಾವು ಪರಿಶೀಲಿಸೋಣ. ಅದು ನಡೆದುದು ದೂರದ ಇಂಗ್ಲೆಂಡಿನಲ್ಲಿ. ಆದರೆ ಅದರ ಪ್ರಶ್ನೆ ಬಂದುದು ನಮ್ಮ ತರಗತಿಗೆ.

2015ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನಮಗೊಂದು ಪತ್ರ ಬಂದಿತು. ಮದುವೆಯಾಗಿ ಇಂಗ್ಲೆಂಡಿನ ದಕ್ಷಿಣ ಭಾಗದ ಊರೊಂದರಲ್ಲಿ ನೆಲೆಸಿದ ಆಕೆಗೆ ಅಲ್ಲಿ ಮನೆಯ ಹಿಂದೆ ಅಂಗೈಯಗಲದ ತೋಟ ದೊರೆತಿತ್ತು. ಮುಂಬಯಿಯ ಚಾಳಿನಲ್ಲಿ ಕಿಟಕಿಯ ಬಳಿ ಡಬ್ಬಿಯೊಂದರಲ್ಲಿ ತುಳಸಿಯನ್ನಷ್ಟೇ ಬೆಳೆಸಿ ಬಲ್ಲವಳಿಗೆ ಅಷ್ಟು ನೆಲವೇ ದೊಡ್ಡ ಸಂಪತ್ತು. ಬರುವ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಆಕೆಯ ತಂದೆತಾಯಿಗಳು ಮೊದಲ ಬಾರಿಗೆ ಮಗಳ ಮನೆಗೆ ಹೋಗುವವರಿದ್ದರು. ಅವರು ಬರುವ ಹೊತ್ತಿಗೆ ತೋಟದಲ್ಲಿ ಹೂವಿರಬೇಕೆಂದು ಆಕೆ ಸೆಪ್ಟೆಂಬರಿನಲ್ಲಿ ಡ್ಯಾಫೊಡಿಲ್ ಗೆಡ್ಡೆಗಳನ್ನೂ ನವೆಂಬರಿನಲ್ಲಿ ಟ್ಯೂಲಿಪ್ ಗೆಡ್ಡೆಗಳನ್ನೂ ನೆಟ್ಟಿದ್ದಳು. ಪತ್ರದಲ್ಲಿ ಹೀಗಿತ್ತು:

"ಸರ್, ಡಿಸೆಂಬರ್ ಇನ್ನೂ ಅರ್ಧ ಕಳೆದಿಲ್ಲ. ಮಾರ್ಚಿನಲ್ಲಿ ಹೂ ಬಿಡಬೇಕಾದ ಡ್ಯಾಫೊಡಿಲ್‌ಗಳು ಈಗಲೇ ಗೇಣುದ್ದ ಎಲೆ ಬಿಟ್ಟಿವೆ. ಎರಡು ಗಿಡಗಳಲ್ಲಿ ಮೊಗ್ಗು ಸಹ ಕಾಣುತ್ತಿದೆ. ಇಲ್ಲಿ ಚಳಿಯೇ ಬಂದಿಲ್ಲ. ಮುಂದೆ ಹಿಮ ಬಿದ್ದರೆ ಇವು ಸತ್ತುಹೋಗುತ್ತವೆಯೆ? ಅಗೆದು ತೆಗೆದು ಒಳಗಿಡಲೆ? ಅಪ್ಪ ಅಮ್ಮ ಬರುವಾಗ ಒಂದು ಹೂವೂ ಇರುವುದಿಲ್ಲವೋ ಏನೋ. ತಪ್ಪು ನನ್ನದೆ?"

ಈ ಪತ್ರವನ್ನು ನಾವು ಒಂಬತ್ತನೆಯ ಇಯತ್ತೆಯಲ್ಲಿ ಓದಿ ಹೇಳಿದೆವು. ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ಎದ್ದು ನಿಂತು, "ಸರ್, ನೆಲದೊಳಗೆ ಕತ್ತಲೆಯಲ್ಲಿರುವ ಗೆಡ್ಡೆಗೆ ಇದು ಯಾವ ತಿಂಗಳೆಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದನು. ಕೆಲವರು ನಕ್ಕರು. ಆದರೆ ಆ ಹುಡುಗನ ಪ್ರಶ್ನೆಗೆ ಉತ್ತರ ದೊರೆತರೆ ಪತ್ರದ ಪ್ರಶ್ನೆಗಳಿಗೂ ಉತ್ತರ ದೊರೆತಂತೆಯೇ ಸರಿ.

ಗೆಡ್ಡೆಯೊಳಗೆ ಏನಿದೆ?

ನಮ್ಮಲ್ಲಿ ಕೆಲವರು ಈರುಳ್ಳಿ ಎನ್ನುವುದನ್ನು ಬೇರೆ ಕೆಲವರು ಉಳ್ಳಾಗಡ್ಡಿ ಎನ್ನುವರು; ಕರಾವಳಿಯಿಂದ ಬಂದವರು ನೀರುಳ್ಳಿ ಎನ್ನುವರು. ಹೆಸರು ಯಾವುದಾದರೂ ಆಗಲಿ, ಅದೊಂದನ್ನು ತಲೆಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ ನೋಡಿರಿ. ಬುಡದಲ್ಲಿ ಗಟ್ಟಿಯಾದ ಸಣ್ಣ ಬಿಲ್ಲೆಯೊಂದಿದೆ. ಅದೇ ಆ ಗಿಡದ ಕಾಂಡ. ಅದರ ಮೇಲೆ ಒಂದರೊಳಗೊಂದು ಸೇರಿದ ದಪ್ಪ ಪದರಗಳಿವೆ. ಅವು ಎಲೆಗಳೇ, ಆಹಾರವನ್ನು ತುಂಬಿಕೊಂಡು ಉಬ್ಬಿವೆ. ನಟ್ಟನಡುವೆ ಎಳೆಯ ಹಸುರು ಕುಡಿ ಇದೆ. ಈರುಳ್ಳಿಯು ಬೇರಲ್ಲ, ಹಣ್ಣೂ ಅಲ್ಲ. ಮಡಿಸಿಟ್ಟ ಇಡಿಯ ಗಿಡವೇ ಅದಾಗಿದೆ.

ಡ್ಯಾಫೊಡಿಲ್, ಟ್ಯೂಲಿಪ್, ಹಯಸಿಂತ್, ಸ್ನೋಡ್ರಾಪ್ ಇವೆಲ್ಲವೂ ಇದೇ ಬಗೆಯ ಗೆಡ್ಡೆಗಳಿಂದ ಹುಟ್ಟುವ ಹೂಗಿಡಗಳು. ಇವುಗಳಲ್ಲಿ ಒಂದು ವಿಶೇಷವುಂಟು. ವಸಂತದಲ್ಲಿ ಅರಳಬೇಕಾದ ಹೂವು ಹಿಂದಿನ ವರ್ಷದ ಬೇಸಗೆಯಲ್ಲಿಯೇ ಗೆಡ್ಡೆಯೊಳಗೆ ಸೂಕ್ಷ್ಮ ರೂಪದಲ್ಲಿ ಸಿದ್ಧವಾಗಿಬಿಡುತ್ತದೆ. ನಮ್ಮ ವಿದ್ಯಾರ್ಥಿನಿ ನೆಟ್ಟ ಗೆಡ್ಡೆಗಳ ಗರ್ಭದಲ್ಲಿ ಹೂವು ಆಗಲೇ ಇದ್ದಿತು. ಅದು ಯಾವಾಗ ಹೊರಬರಬೇಕು ಎಂಬುದಷ್ಟೇ ಉಳಿದಿದ್ದ ಪ್ರಶ್ನೆ.

ಇಂತಹ ಗಿಡಗಳು ಹುಟ್ಟಿದ ನಾಡುಗಳನ್ನು ನೋಡಿದರೆ ಗೆಡ್ಡೆಯ ಉಪಯೋಗವು ತಿಳಿಯುತ್ತದೆ. ಟ್ಯೂಲಿಪ್ಪಿನ ತವರು ಹಾಲೆಂಡ್ ಎಂದು ಅನೇಕರು ಭಾವಿಸುವುದುಂಟು. ಅದು ಸರಿಯಲ್ಲ. ಅದರ ತವರು ಮಧ್ಯ ಏಷ್ಯದ ಬೆಟ್ಟಸೀಮೆ. ಕರೋಲಸ್ ಕ್ಲೂಸಿಯಸ್ ಎಂಬ ಸಸ್ಯಪಂಡಿತನು 1593ರಲ್ಲಿ ಹಾಲೆಂಡಿನ ಲೈಡನ್ ನಗರದ ತೋಟದಲ್ಲಿ ಅದನ್ನು ನೆಟ್ಟನು. ಮರುವರ್ಷ ಅಲ್ಲಿ ಹೂವಾಯಿತು. ಮಧ್ಯ ಏಷ್ಯದ ಆ ಬೆಟ್ಟಗಳಲ್ಲಿ ಬೇಸಗೆಯು ಒಣಗಿ ಸುಡುತ್ತದೆ, ಚಳಿಗಾಲವು ಕೊರೆಯುತ್ತದೆ. ನಡುವೆ ಬರುವ ವಸಂತವು ಅಲ್ಪಾಯುಷಿ. ಆ ಕೆಲವೇ ವಾರಗಳಲ್ಲಿ ಗಿಡವು ಎಲೆ ಬಿಟ್ಟು, ಹೂವಾಗಿ, ಮುಂದಿನ ವರ್ಷಕ್ಕೆ ಆಹಾರವನ್ನು ಕೂಡಿಟ್ಟು, ಮತ್ತೆ ನೆಲದಡಿಯಲ್ಲಿ ಮಲಗಿಬಿಡಬೇಕು. ಮೊದಲೇ ಸಿದ್ಧವಾಗಿರದಿದ್ದರೆ ಇಷ್ಟು ಕೆಲಸ ಅಷ್ಟು ಬೇಗ ಆಗದು.

ಚಳಿಯ ಲೆಕ್ಕ

ಹಾಗಾದರೆ ವಸಂತವು ಬಂದಿತೆಂದು ಗೆಡ್ಡೆಗೆ ತಿಳಿಸುವವರು ಯಾರು? ಬಿಸಿಲಿನ ಕಾವೇ ತಿಳಿಸುತ್ತದೆ ಎಂದು ನೀವು ಹೇಳಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿರಿ. ಅಕ್ಟೋಬರ್ ತಿಂಗಳ ಹಿತವಾದ ಬಿಸಿಲಿಗೂ ಮಾರ್ಚ್ ತಿಂಗಳ ಹಿತವಾದ ಬಿಸಿಲಿಗೂ ನೆಲದಡಿಯಲ್ಲಿ ಎಷ್ಟು ಭೇದವಿದ್ದೀತು? ಕಾವನ್ನು ಮಾತ್ರ ನಂಬಿ ಮೇಲೆ ಬರುವ ಗಿಡವು ಪ್ರತಿ ವರ್ಷವೂ ಚಳಿಗಾಲದ ಹೊಸ್ತಿಲಲ್ಲಿ ಮೋಸಹೋಗುತ್ತಿತ್ತು.

ಆದುದರಿಂದ ಈ ಗಿಡಗಳು ಮೊದಲು ಚಳಿಯನ್ನು ಲೆಕ್ಕ ಹಾಕುತ್ತವೆ. ತಂಪಾದ ಒದ್ದೆ ಮಣ್ಣಿನಲ್ಲಿ ಗೆಡ್ಡೆಯು ಮೊದಲು ಬೇರು ಬಿಡುತ್ತದೆ. ಬಳಿಕ ಸುಮಾರು 12ರಿಂದ 16 ವಾರಗಳ ಕಾಲ ಅದು ತಂಪಿನಲ್ಲಿ ಕಳೆಯಬೇಕು. ಆ ಅವಧಿಯಲ್ಲಿ ಅದರೊಳಗಿನ ಪಿಷ್ಟವು ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತದೆ. ಹೂವಿನ ದಂಟು ಉದ್ದವಾಗಲು ಬೇಕಾದ ಮಾರ್ಪಾಡುಗಳು ನಡೆಯುತ್ತವೆ. ಹೊರಗಿನಿಂದ ನೋಡುವವರಿಗೆ ಅದು ನಿದ್ದೆ; ಒಳಗೆ ನಡೆಯುತ್ತಿರುವುದು ಸಿದ್ಧತೆ. ಚಳಿಯು ಸಾಕಷ್ಟು ಕಳೆಯಿತೆಂದು ಲೆಕ್ಕ ತುಂಬಿದ ಮೇಲೆಯೇ ಕಾವಿನ ಕರೆಗೆ ಗೆಡ್ಡೆಯು ಸರಿಯಾಗಿ ಓಗೊಡುತ್ತದೆ. ಹಾಲೆಂಡಿನ ವಾಗೆನಿಂಗೆನ್ ಎಂಬಲ್ಲಿ ಬ್ಲಾವ್ ಎಂಬ ವಿಜ್ಞಾನಿಯು ತನ್ನ ಸಂಗಡಿಗರೊಡನೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಯಸಿಂತ್, ಟ್ಯೂಲಿಪ್ ಮುಂತಾದ ಗೆಡ್ಡೆಗಳನ್ನು ಬೇರೆ ಬೇರೆ ಉಷ್ಣತೆಗಳಲ್ಲಿಟ್ಟು ಈ ವಿಷಯವನ್ನು ಶೋಧಿಸಿದನು. ಇಂತಹ ತಿಳಿವಳಿಕೆಯ ಬಲದಿಂದಲೇ ಅಲ್ಲಿನ ಬೆಳೆಗಾರರು ಗೆಡ್ಡೆಗಳನ್ನು ಶೀತಲ ಕೋಣೆಗಳಲ್ಲಿಟ್ಟು, ಕ್ರಿಸ್ಮಸ್ ಹಬ್ಬಕ್ಕೂ ಟ್ಯೂಲಿಪ್ ಹೂ ಒದಗಿಸುತ್ತಾರೆ. ಕೃತಕವಾಗಿ ಚಳಿಗಾಲವನ್ನು ಕಳೆಯಿಸಿ ವಸಂತವನ್ನು ಬೇಗ ಕರೆಯುವ ಉಪಾಯವಿದು.

ನಮ್ಮ ಮುಂಬಯಿಯ ನೆಲದಲ್ಲಿ ಟ್ಯೂಲಿಪ್ ಗೆಡ್ಡೆಯನ್ನು ನೆಟ್ಟರೆ ಹೂವಾಗದಿರುವುದಕ್ಕೆ ಕಾರಣವೂ ಇದೇ. ಇಲ್ಲಿ ಕಾವಿಗೆ ಬರವಿಲ್ಲ, ಬರವಿರುವುದು ಚಳಿಗೆ. ಶ್ರೀನಗರದಲ್ಲಿ ದಾಲ್ ಸರೋವರದ ಬಳಿ, ಜಬರ್ವಾನ್ ಬೆಟ್ಟಗಳ ತಪ್ಪಲಿನಲ್ಲಿರುವ ಟ್ಯೂಲಿಪ್ ತೋಟವು ಕಾಶ್ಮೀರದ ಚಳಿಯ ಪ್ರಸಾದದಿಂದಲೇ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅರಳಿ ನಿಲ್ಲುತ್ತದೆ.

ಎರಡು ಬಾಗಿಲು

ಇಷ್ಟು ಜಾಣತನದ ಏರ್ಪಾಡಿದ್ದೂ 2015ರಲ್ಲಿ ಡ್ಯಾಫೊಡಿಲ್ ಏಕೆ ಅವಸರಪಟ್ಟಿತು?

ಮೊಳಕೆಯ ಹಾದಿಯಲ್ಲಿ ಎರಡು ಬಾಗಿಲುಗಳಿವೆ ಎಂದು ಭಾವಿಸೋಣ. ಮೊದಲನೆಯದು ಚಳಿಯ ಲೆಕ್ಕದ ಬಾಗಿಲು. ಲೆಕ್ಕ ತುಂಬುತ್ತ ಬಂದಂತೆ ಅದು ತೆರೆಯುತ್ತದೆ. ಎರಡನೆಯದು ಕಾವಿನ ಬಾಗಿಲು; ನೆಲವು ಹೆಪ್ಪುಗಟ್ಟುವಷ್ಟು ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಗೆಡ್ಡೆಯ ಲೆಕ್ಕಕ್ಕೆ ಹಿಮ ಬೀಳುವಂತಹ ಚಳಿಯೇ ಬೇಕಾಗಿಲ್ಲ. 9 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಂಪೂ ಡ್ಯಾಫೊಡಿಲ್ಲಿಗೆ ಚಳಿಯೆಂದೇ ಲೆಕ್ಕ. ಶರತ್ಕಾಲದಲ್ಲಿ ಮಣ್ಣು ತಂಪಾಗತೊಡಗಿದಾಗಿನಿಂದಲೇ ಬೇಗ ಹೂವಾಗುವ ತಳಿಗಳಲ್ಲಿ ಮೊದಲ ಬಾಗಿಲು ಮೆಲ್ಲಗೆ ಸರಿಯಲಾರಂಭಿಸುತ್ತದೆ. ಎಂದಿನ ವರ್ಷಗಳಲ್ಲಿ ಅಷ್ಟರೊಳಗೆ ಕಡುಚಳಿ ಬಂದು ಎರಡನೆಯ ಬಾಗಿಲನ್ನು ಮುಚ್ಚಿರುತ್ತದೆ. ಮೊಳಕೆಯು ಒಳಗೇ ಕಾದಿರುತ್ತದೆ. 2015ರ ಡಿಸೆಂಬರಿನಲ್ಲಿ ಆ ಎರಡನೆಯ ಬಾಗಿಲು ಮುಚ್ಚಲೇ ಇಲ್ಲ.

ಮಧ್ಯ ಇಂಗ್ಲೆಂಡಿನ ಉಷ್ಣತೆಯನ್ನು 1659ನೆಯ ಇಸವಿಯಿಂದ ತಿಂಗಳು ತಿಂಗಳೂ ಲೆಕ್ಕವಿಟ್ಟ ದಾಖಲೆಯೊಂದಿದೆ. ಆ ದಾಖಲೆಯಲ್ಲಿ 2015ರ ಡಿಸೆಂಬರಿನಷ್ಟು ಬೆಚ್ಚಗಿನ ಡಿಸೆಂಬರ್ ಅದಕ್ಕಿಂತ ಮೊದಲು ಒಂದೂ ಇರಲಿಲ್ಲ. ಆ ತಿಂಗಳ ಸರಾಸರಿ ಉಷ್ಣತೆ 9.7 ಡಿಗ್ರಿ, ಸಾಮಾನ್ಯವಾಗಿ ಇರಬೇಕಾದುದಕ್ಕಿಂತ ಸುಮಾರು 5 ಡಿಗ್ರಿ ಹೆಚ್ಚು. ಡ್ಯಾಫೊಡಿಲ್‌ಗಳು ಕ್ರಿಸ್ಮಸ್ಸಿಗೆ ಮೊದಲೇ ಹಲವು ಕಡೆ ಅರಳಿದವು. ಹೊಸವರ್ಷದ ದಿನಗಳಲ್ಲಿ ಸಸ್ಯಾಸಕ್ತರು ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಹುಡುಕಿ ನೋಡಿದಾಗ 612 ಜಾತಿಯ ಗಿಡಗಳು ಹೂ ಬಿಟ್ಟಿದ್ದುದು ಕಂಡುಬಂದಿತು.

ಆದುದರಿಂದ ಗೆಡ್ಡೆಯು ಲೆಕ್ಕ ತಪ್ಪಿತು ಎನ್ನುವುದು ಉಚಿತವಲ್ಲ. ಅದರ ಲೆಕ್ಕ ಸರಿಯಾಗಿಯೇ ಇದ್ದಿತು, ತಪ್ಪಿದುದು ಋತು. ನಮ್ಮ ವಿದ್ಯಾರ್ಥಿನಿಯ ತಪ್ಪಂತೂ ಇರಲೇ ಇಲ್ಲ.

ಎಲೆಯೂ ಮೊಗ್ಗೂ

ಇನ್ನು ಪತ್ರದ ಮುಖ್ಯ ಪ್ರಶ್ನೆಗೆ ಬರೋಣ. ಮುಂದೆ ಹಿಮ ಬಿದ್ದರೆ ಗಿಡವು ಸಾಯುವುದೆ?

ಇಲ್ಲಿ ಎಲೆ ಬೇರೆ, ಮೊಗ್ಗು ಬೇರೆ. ಎಲೆಗೆ ಹೆಚ್ಚಿನ ಭಯವಿಲ್ಲ. ಚಳಿಯು ಏರಿದಂತೆ ಅದರ ಜೀವಕೋಶಗಳಲ್ಲಿ ಸಕ್ಕರೆಯ ಅಂಶವು ಹೆಚ್ಚುತ್ತದೆ. ಸಕ್ಕರೆ ಕರಗಿದ ನೀರು ಬರಿಯ ನೀರಿನಷ್ಟು ಸುಲಭವಾಗಿ ಹೆಪ್ಪುಗಟ್ಟದು. ಕಡುಚಳಿಯ ರಾತ್ರಿಯಲ್ಲಿ ಡ್ಯಾಫೊಡಿಲ್ ಎಲೆಗಳು ನೆಲಕ್ಕೆ ಒರಗಿ, ಬಿಸಿಲೇರಿದ ಮೇಲೆ ಮತ್ತೆ ತಲೆಯೆತ್ತಿ ನಿಲ್ಲುವುದನ್ನು ಅಲ್ಲಿನವರು ಕಾಣುತ್ತಾರೆ. ತುದಿಗಳು ಕಂದಬಹುದು, ಗಿಡ ಸಾಯದು. ಗೆಡ್ಡೆಯು ಮಣ್ಣಿನ ಹೊದಿಕೆಯಡಿಯಲ್ಲಿ ಸುರಕ್ಷಿತವಾಗಿರುತ್ತದೆ. ಮಸ್ಕಾರಿ ಎಂಬ ನೀಲಿ ಹೂವಿನ ಗಿಡವಂತೂ ಪ್ರತಿ ವರ್ಷವೂ ಶರತ್ಕಾಲದಲ್ಲಿಯೇ ಎಲೆ ಬಿಟ್ಟು, ಚಳಿಗಾಲವನ್ನೆಲ್ಲ ಹಾಗೆಯೇ ಕಳೆದು, ವಸಂತದಲ್ಲಿ ಹೂವಾಗುತ್ತದೆ. ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಕೇಸರಿಯೂ ಕ್ರೋಕಸ್ ಕುಲದ್ದೇ. ಅದರ ಹೂವಿನ ಸಹಜ ಕಾಲವೇ ಅಕ್ಟೋಬರ್, ನವೆಂಬರ್. ಶರತ್ಕಾಲದಲ್ಲಿ ಕಂಡ ಮೊಳಕೆಯೆಲ್ಲವೂ ಅಕಾಲದ್ದೆಂದು ತಿಳಿಯಬಾರದು. ಆಯಾ ಗಿಡದ ಸ್ವಭಾವವನ್ನು ಮೊದಲು ಅರಿಯಬೇಕು.

ಮೊಗ್ಗಿನ ಮಾತು ಹೀಗಲ್ಲ. ಬಿರಿಯುವ ಹಂತಕ್ಕೆ ಬಂದ ಮೊಗ್ಗನ್ನೂ ಅರಳಿದ ಹೂವನ್ನೂ ಕಡುಹಿಮವು ಕೆಡಿಸಬಲ್ಲುದು. ಕೆಟ್ಟ ಹೂವಿಗೆ ಬದಲಾಗಿ ಅದೇ ಗೆಡ್ಡೆಯು ಆ ವರ್ಷ ಮತ್ತೊಂದನ್ನು ಸಿದ್ಧಪಡಿಸಲಾರದು. ಆದರೂ ಎಲೆಗಳು ಉಳಿದರೆ ಅವು ಬಿಸಿಲನ್ನು ಉಂಡು ಗೆಡ್ಡೆಯನ್ನು ತುಂಬುತ್ತವೆ. ಮರುವರ್ಷದ ಹೂವು ಸಿದ್ಧವಾಗುತ್ತದೆ. ನಷ್ಟವು ಒಂದು ವರ್ಷದ್ದು, ಗಿಡದ ಆಯುಸ್ಸಿನದಲ್ಲ.

ಇದನ್ನೆಲ್ಲ ವಿಚಾರಮಾಡಿ ನಮ್ಮ ಒಂಬತ್ತನೆಯ ಇಯತ್ತೆಯ ಮಕ್ಕಳು ಆಕೆಗೆ ಉತ್ತರ ಬರೆದರು. "ಅಕ್ಕಾ, ಗೆಡ್ಡೆಗಳನ್ನು ಅಗೆಯಬೇಡಿರಿ, ಬೇರು ಹರಿದರೆ ಇರುವ ಬಲವೂ ಹೋಗುತ್ತದೆ. ಎಲೆಗಳನ್ನು ಕತ್ತರಿಸಬೇಡಿರಿ. ಬುಡಕ್ಕೆ ತರಗೆಲೆ ಹರಡಿರಿ. ಮಣ್ಣಿನ ಉಷ್ಣತೆಯು ಬೇಗ ಬೇಗ ಏರಿಳಿಯದಂತೆ ಅದು ಕಾಯುತ್ತದೆ. ಗೊಬ್ಬರ ಈಗ ಬೇಡ. ಅರಳಲಿರುವ ಮೊಗ್ಗುಗಳನ್ನು ಕೊಯ್ದು ನೀರಿನ ಲೋಟದಲ್ಲಿಟ್ಟು ಮನೆಯೊಳಗೆ ನೋಡಿ ಸಂತೋಷಪಡಿರಿ. ಉಳಿದುದಕ್ಕೆ ಕಾಯಿರಿ" ಎಂಬುದು ಆ ಉತ್ತರದ ಸಾರಾಂಶ.

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಆಕೆಯ ಎರಡನೆಯ ಪತ್ರ ಬಂದಿತು. ಅವಸರಪಟ್ಟ ಡ್ಯಾಫೊಡಿಲ್‌ಗಳಲ್ಲಿ ಕೆಲವು ಜನವರಿಯ ಚಳಿಗೆ ಸಿಕ್ಕಿ ಬಾಡಿಹೋದವು. ತಡವಾಗಿ ಹೂ ಬಿಡುವ ತಳಿಯವು ಮಾರ್ಚಿನಲ್ಲಿ ಅರಳಿದವು. ಅತಿಥಿಗಳು ಬರುವ ಹೊತ್ತಿಗೆ ಮೂರೋ ನಾಲ್ಕೋ ಉಳಿದಿದ್ದವು. ಆದರೆ ನವೆಂಬರಿನಲ್ಲಿ ನೆಟ್ಟ ಟ್ಯೂಲಿಪ್‌ಗಳು ತಮ್ಮ ಚಳಿಯ ಲೆಕ್ಕವನ್ನು ತುಂಬಿಸಿಕೊಳ್ಳದೆ ಅಲುಗಾಡಿರಲಿಲ್ಲ. ಅವು ಆಗತಾನೆ ಕೆಂಪು ತೋರುತ್ತಿದ್ದವು. "ಅಮ್ಮ ಬಂದ ಮರುದಿನ ಬೆಳಿಗ್ಗೆ ಮೊದಲನೆಯದು ಬಿರಿಯಿತು, ಸರ್. ಅಮ್ಮ ಅದರ ಪಕ್ಕದಲ್ಲಿ ನಿಂತು, ಇದು ಗಡಿಯಾರ ನೋಡಿಕೊಂಡೇ ಅರಳಿತಲ್ಲ ಎಂದರು" ಎಂದು ಆಕೆ ಬರೆದಿದ್ದಳು.

ಕೆಡುವ ಹೊಂದಿಕೆ

ಒಂದು ತೋಟದ ಕಥೆ ಹೀಗೆ ಸುಖವಾಗಿ ಮುಗಿಯಿತು. ಆದರೆ ವಿಷಯವು ಅಲ್ಲಿಗೆ ಮುಗಿಯುವುದಿಲ್ಲ. ಇಂತಹ ಬೆಚ್ಚಗಿನ ವರ್ಷವು ಎಂದೋ ಒಮ್ಮೆ ಬಂದರೆ ಗೆಡ್ಡೆಯು ಸಹಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಬಂದರೆ?

ಇದಕ್ಕೆ ಉತ್ತರವನ್ನು ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಹುಡುಕಬೇಕು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರನು 1736ರಲ್ಲಿ ವಸಂತದ ಚಿಹ್ನೆಗಳನ್ನು ಬರೆದಿಡಲು ತೊಡಗಿದನು. ಸ್ನೋಡ್ರಾಪ್ ಯಾವ ದಿನ ಅರಳಿತು, ಯಾವ ಮರ ಯಾವ ದಿನ ಚಿಗುರಿತು, ಯಾವ ಹಕ್ಕಿ ಯಾವ ದಿನ ಕೂಗಿತು ಎಂಬಿಷ್ಟೇ ಅದರಲ್ಲಿದ್ದುದು. ಅವನ ಬಳಿಕ ಅವನ ವಂಶದವರು ಆ ಕೆಲಸವನ್ನು 1958ರವರೆಗೆ ನಡೆಸಿಕೊಂಡು ಬಂದರು. ಆ ದೇಶದಲ್ಲಿ ಇಂತಹ ಬರೆಹಗಳು ಲಕ್ಷಗಟ್ಟಲೆ ಉಳಿದಿವೆ. 406 ಜಾತಿಯ ಸಸ್ಯಗಳ ಮೊದಲ ಹೂವಿನ ದಿನಗಳನ್ನು ವಿಜ್ಞಾನಿಗಳು ಹೋಲಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1753ರಿಂದ 1986ರವರೆಗಿನ ಕಾಲಕ್ಕಿಂತ 1987ರಿಂದ 2019ರವರೆಗಿನ ಕಾಲದಲ್ಲಿ ಹೂಗಳು ಸರಾಸರಿ 26 ದಿನ ಮುಂಚಿತವಾಗಿ ಅರಳಿದ್ದವು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಮನುಷ್ಯನು ಗಾಳಿಗೆ ಸೇರಿಸಿದ ಅನಿಲಗಳಿಂದ ಭೂಮಿಯ ಕಾವು ಏರುತ್ತಿರುವುದೇ ಈ ಮಾರ್ಪಾಟಿನ ಹಿಂದಿರುವ ಕಾರಣ.

ಹೂವು ಬೇಗ ಅರಳಿದರೆ ನಷ್ಟವೇನು ಎಂದು ಕೇಳಬಹುದು. ಹೂವು ಒಂಟಿಯಾಗಿ ಬಾಳುವುದಲ್ಲ. ಅದರ ಪರಾಗವನ್ನು ಒಯ್ಯುವ ದುಂಬಿ ಬೇಕು, ದುಂಬಿಗೆ ಅದರ ಮಕರಂದ ಬೇಕು. ಒಂದು ಜೀವಿಯು ಕಾವನ್ನು ನೋಡಿ ಏಳುತ್ತದೆ. ಇನ್ನೊಂದು ಹಗಲಿನ ಉದ್ದವನ್ನು ನೋಡಿ ಏಳುತ್ತದೆ. ಹಗಲಿನ ಉದ್ದವು ಎಂದಿನಂತೆಯೇ ಇದ್ದು ಕಾವು ಮಾತ್ರ ಬದಲಾದರೆ ಇವರಿಬ್ಬರ ಭೇಟಿ ತಪ್ಪುತ್ತದೆ. ಒಬ್ಬರಿಗೊಬ್ಬರು ಹೊಂದಿಕೊಂಡು ನಡೆಯುತ್ತಿದ್ದ ಬಾಳು ಹೀಗೆ ಕೆಡುತ್ತದೆ.

ನಮ್ಮ ನಾಡಿನ ಕಾಫಿ ತೋಟದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿಯ ಮೊಗ್ಗಿಗೆ ಚಳಿಯ ಲೆಕ್ಕವಿಲ್ಲ. ಅದು ಒಣ ದಿನಗಳನ್ನು ಕಳೆದು ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆಗಾಗಿ ಕಾಯುತ್ತದೆ. 2021ರ ಜನವರಿಯಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರುಗಳಲ್ಲಿ ಅಕಾಲದ ಮಳೆ ಸುರಿಯಿತು. ಕೊಯ್ಯಬೇಕಾದ ಹಣ್ಣು ಇನ್ನೂ ಗಿಡದಲ್ಲಿರುವಾಗಲೇ ಹೂ ಅರಳತೊಡಗಿತು. ಹಣ್ಣನ್ನು ಕೊಯ್ದರೆ ಹೂವಿಗೆ ಕೇಡು, ಬಿಟ್ಟರೆ ಹಣ್ಣು ನೆಲದ ಪಾಲು. ಇಂಗ್ಲೆಂಡಿನ ತೋಟದಲ್ಲಿ ಕೆಲವು ಹೂಗಳ ಪ್ರಶ್ನೆಯಾಗಿದ್ದುದು ಇಲ್ಲಿ ಮನೆತನಗಳ ಅನ್ನದ ಪ್ರಶ್ನೆಯಾಯಿತು.

ವಿದ್ಯಾರ್ಥಿ ಮಿತ್ರರೇ, ಭೂಮಿಯ ಕಾವನ್ನು ಇಳಿಸುವುದು ಒಬ್ಬರ ಕೈಯಲ್ಲಿಲ್ಲ. ಆದರೆ ಋತುವಿನ ನಡೆಯನ್ನು ಗಮನಿಸಿ ಬರೆದಿಡುವುದು ನಿಮ್ಮಲ್ಲಿ ಯಾರಿಗೂ ಅಸಾಧ್ಯವಲ್ಲ. ಮಾರ್ಷಮ್‌ನ ಬಳಿ ಇದ್ದುದು ಲೇಖನಿ, ಕಾಗದ ಮತ್ತು ಎರಡು ಕಣ್ಣುಗಳು. ನಗರದಲ್ಲಿ ವಾಸಿಸುವ ನಮಗೆ ಋತುಗಳೇ ಇಲ್ಲವೆಂದು ಕೆಲವರು ಹೇಳುವುದುಂಟು. ನಮ್ಮ ಬೀದಿಯ ಕಕ್ಕೆಮರವೂ ಗುಲ್‌ಮೊಹರೂ ಆ ಮಾತನ್ನು ಒಪ್ಪಲಾರವು. ನೆಲದೊಳಗಿನ ಗೆಡ್ಡೆಯೇ ಇಷ್ಟು ಎಚ್ಚರದಿಂದ ದಿನಗಳನ್ನು ಎಣಿಸುತ್ತಿರುವಾಗ ನೆಲದ ಮೇಲಿರುವ ನಾವು ಎಣಿಸದಿರುವುದು ಹೇಗೆ?

ಮಾಡಿ ನೋಡಿರಿ

1. ಈರುಳ್ಳಿಯೊಂದನ್ನು ಉದ್ದಕ್ಕೆ ಸೀಳಿ, ಕಾಂಡ, ಎಲೆ, ಕುಡಿಗಳನ್ನು ಗುರುತಿಸಿ ಚಿತ್ರ ಬರೆಯಿರಿ.

2. ಒಂದೇ ಬೆಳ್ಳುಳ್ಳಿ ಗೆಡ್ಡೆಯಿಂದ ಹತ್ತು ಎಸಳುಗಳನ್ನು ಬಿಡಿಸಿರಿ. ಐದನ್ನು ಕಾಗದದಲ್ಲಿ ಸುತ್ತಿ ಆರು ವಾರ ಫ್ರಿಜ್ಜಿನಲ್ಲಿಡಿರಿ. ಐದನ್ನು ಅಡಿಗೆಮನೆಯ ಬುಟ್ಟಿಯಲ್ಲಿಡಿರಿ. ಬಳಿಕ ಎರಡನ್ನೂ ಒಂದೇ ದಿನ ಮಣ್ಣಿನಲ್ಲಿ ನೆಡಿರಿ. ಯಾವುವು ಮೊದಲು ಮೊಳೆತವು? ಕಾರಣವನ್ನು ಈ ಲೇಖನದ ಆಧಾರದಿಂದ ಬರೆಯಿರಿ.

3. ಶಾಲೆಗೆ ಬರುವ ದಾರಿಯಲ್ಲಿ ಒಂದು ಮರವನ್ನು ಆರಿಸಿಕೊಳ್ಳಿರಿ. ಅದು ಎಲೆ ಉದುರಿಸಿದ ದಿನ, ಚಿಗುರಿದ ದಿನ, ಮೊದಲ ಹೂ ಬಿಟ್ಟ ದಿನಗಳನ್ನು ಗುರುತು ಮಾಡಿಡಿರಿ. ಮುಂದಿನ ವರ್ಷ ನೀವು ಬೇರೆ ಇಯತ್ತೆಗೆ ಹೋಗುವಾಗ ಆ ಪುಸ್ತಕವನ್ನು ನಿಮ್ಮ ಹಿಂದೆ ಬರುವವರ ಕೈಗೆ ಒಪ್ಪಿಸಿರಿ.